ಕತ್ತಲಾಗೋದ್ರೊಳಗೆ ಮಗ ಮನೆ ಸೇರಬೇಕು ಅಂದ ತಂಗಿಗೆ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ಬೇಜಾರು ಮಾಡ್ಕೋಬೇಡ.

ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಹಾಸನದಿಂದ ಲಂಡನ್ನಿಗೆ ಬಂದು ಆರು ವಾರ, ಮಗನ ಎಸ್ಸೆಸ್ಸೆಲ್ಸಿ ಮುಗಿದಿದೆ, ಹತ್ತಿರದ ಸರ್ಕಾರಿ ಸಿಕ್ಸ್ತ್ ಫಾರ್ಮಿನಲ್ಲಿ (ನಮ್ಮ ಪಿಯುಸಿ ಹಾಗೆ ಎರಡು ವರ್ಷದ ಎ-ಲೆವೆಲ್ ಓದು) ಸೀಟು ಭರ್ತಿ. ಈಗ ಒಂದು ಖಾಸಗಿ ಸಿಕ್ಸ್ತ್ ಫಾರ್ಮ್ ಕಾಲೇಜು ನೋಡಿಕೊಂಡು ಬಂದಿದ್ದೀರಿ. ಹಳೇ ಮನೆಯಂಥ ಕಟ್ಟಡ, ಮೈದಾನ ಇಲ್ಲ, ಲೈಬ್ರರಿ ಅಂದ್ರೆ ಎರಡು ಕೋಣೆ, ಇದಕ್ಕೆ ಇಷ್ಟು ಫೀಸಾ, ಪುಸ್ತಕ ಯಾವುದು ಕೊಳ್ಳಬೇಕು, ಟ್ಯೂಷನ್ ಬೇಕಾ ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: "ಸ್ಟಡಿ ರೂಮು ಸಂಜೆ ಏಳರವರೆಗೂ ತೆಗೆದಿರುತ್ತಂತೆ, ಆದ್ರೆ ಕತ್ತಲಾಗೋದ್ರೊಳಗೆ ಅವನು ಮನೆ ಸೇರಿದ್ರೆ ಸಾಕು ಅಲ್ವಾ ಅಕ್ಕಾ?" ಆ ಸಾಲು ಓದಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ಮೊದಲು ಉಳಿದದ್ದು. ಫೀಸಿನ ಬಗ್ಗೆ ಒಂದೇ ಮಾತು: 2025ರ ಜನವರಿಯಿಂದ ಖಾಸಗಿ ಶಾಲೆ ಫೀಸಿನ ಮೇಲೆ 20% ವ್ಯಾಟ್ ತೆರಿಗೆ ಇದೆ. ಅವರು ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ, ಪರೀಕ್ಷೆ ಫೀಸು ಬೇರೆಯಾ ಅಂತ ಬರವಣಿಗೆಯಲ್ಲೇ ಕೇಳು. ಯೂನಿವರ್ಸಿಟಿ ಫೀಸು, ವೀಸಾದ ಲೆಕ್ಕ ಫೋನಿನಲ್ಲಿ ಹೇಳ್ತೀನಿ. ಮೈದಾನ ಇಲ್ಲ ಅಂತ ಕೊರಗಬೇಡ, ಇಂಥ ಕಾಲೇಜುಗಳು ಹಾಗೇ ಇರ್ತವೆ.

ಪುಸ್ತಕ ಈಗಲೇ ಕೊಳ್ಳಬೇಡ. ಇಲ್ಲಿ ಎಕ್ಯೂಎ, ಓಸಿಆರ್, ಎಡೆಕ್ಸೆಲ್ ಅಂತ ಪರೀಕ್ಷೆ ನಡೆಸೋ ಬೇರೆ ಬೇರೆ ಬೋರ್ಡು. ಒಂದೇ ಕಾಲೇಜಿನಲ್ಲಿ ಕೆಮಿಸ್ಟ್ರಿಗೆ ಒಂದು ಬೋರ್ಡು, ಮ್ಯಾಥ್ಸ್‌ಗೆ ಇನ್ನೊಂದು ಇರಬಹುದು. ಓಸಿಆರ್‌ನಲ್ಲೇ ಕೆಮಿಸ್ಟ್ರಿ ಎ ಬೇರೆ, ಬಿ ಬೇರೆ. ಯಾವುದು ಅಂತ ತಿಳಿದ ಮೇಲೆ ಆ ಬೋರ್ಡಿನ ವೆಬ್‌ಸೈಟಿಗೆ ಹೋದರೆ ಸಿಲಬಸ್, ಹಳೇ ಪ್ರಶ್ನೆಪತ್ರಿಕೆ, ಮಾರ್ಕ್ ಸ್ಕೀಮು (ಯಾವ ಉತ್ತರಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿ) ಎಲ್ಲ ಪುಕ್ಕಟೆ ಸಿಗುತ್ತೆ. ಪರೀಕ್ಷಕರ ವರದಿ ಅಂತ ಒಂದಿರುತ್ತೆ, ಮಕ್ಕಳು ಎಲ್ಲೆಲ್ಲಿ ತಪ್ಪಿದರು ಅಂತ ಅವರೇ ಬರೆದಿರ್ತಾರೆ. ನಮ್ಮೂರಲ್ಲಿ ದುಡ್ಡು ಕೊಟ್ಟು ತರ್ತಿದ್ದ ಯಾವ ಗೈಡಿಗೂ ಅದು ಕಡಿಮೆಯಿಲ್ಲ.

ಲ್ಯಾಬಿನ ಗಾತ್ರ ನೋಡಬೇಡ. ಲ್ಯಾಬು ಅವರದ್ದೇನಾ, ಟೆಕ್ನೀಷಿಯನ್ ಇದ್ದಾರಾ ಕೇಳು. ನಮ್ಮ ಪಿಯುಸಿಯಲ್ಲಿದ್ದ ಹಾಗೆ 30 ಮಾರ್ಕ್ಸಿನ ಪ್ರಾಕ್ಟಿಕಲ್ ಪರೀಕ್ಷೆ ಇಲ್ಲಿಲ್ಲ. ಎರಡು ವರ್ಷದಲ್ಲಿ ಕಡಿಮೆ ಅಂದ್ರೂ 12 ಪ್ರಯೋಗ ಮಾಡಿಸಿ, ಟೀಚರೇ ನೋಡಿ ಪಾಸು ಅಂತ ಬರೀತಾರೆ. ಗ್ರೇಡಿಗೆ ಅದು ಸೇರಲ್ಲ, ಆದರೆ ಯೂನಿವರ್ಸಿಟಿಯ ಎಷ್ಟೋ ಸೈನ್ಸ್ ಕೋರ್ಸಿಗೆ ಆ ಪಾಸಿಲ್ಲದೆ ಸೀಟು ಕೊಡಲ್ಲ. ರೆಕಾರ್ಡನ್ನು ಪಕ್ಕದವನದ್ದು ನೋಡಿ ಬರೆಯೋ ಅಭ್ಯಾಸ ಇದ್ದರೆ ಇವತ್ತೇ ಬಿಡಿಸು.

ಇನ್ನು ಸಂಜೆಯ ಮಾತು.

ನಾನು ತುಮಕೂರಿನಿಂದ ಬಂದದ್ದು 2007ರ ಸೆಪ್ಟೆಂಬರಿನಲ್ಲಿ. ಮಗಳಿಗೆ ಹದಿನಾರು. ನಮಗೂ ಇಂಥದ್ದೇ ಒಂದು ಚಿಕ್ಕ ಕಾಲೇಜು ಸಿಕ್ಕಿತು. ಕ್ಲಾಸಿನಲ್ಲಿ ಏಳು ಜನ. ಪಾಠ ನಾಲ್ಕಕ್ಕೆ ಮುಗಿಯೋದು, ಆಮೇಲೆ ಸ್ಟಡಿ ರೂಮು. ಮಂಗಳವಾರ, ಗುರುವಾರ ಕೆಮಿಸ್ಟ್ರಿ ಟೀಚರ್ ಆರು ಗಂಟೆವರೆಗೆ ಅಲ್ಲೇ ಕೂತಿರ್ತಿದ್ದರು, ಯಾರು ಬೇಕಾದರೂ ಹೋಗಿ ಕೇಳಬಹುದಿತ್ತು. ನಾವು ಕಟ್ಟಿದ ಫೀಸಿನಲ್ಲಿ ಅದೂ ಸೇರಿತ್ತು. ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ದೀಪ ಹಚ್ಚೋ ಹೊತ್ತಿಗೆ ಹೆಣ್ಣುಮಕ್ಕಳು ಒಳಗಿರಬೇಕು. ನಮ್ಮಮ್ಮ ನನಗೆ ಹೇಳಿದ್ದು, ನಾನು ಅವಳಿಗೆ ಹೇಳಿದೆ. ತುಮಕೂರಿನಲ್ಲಿ ಅದು ಸಂಜೆ ಆರೂವರೆ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ನಾಲ್ಕಕ್ಕೂ ಮುಂಚೆ ಮುಳುಗ್ತಾನೆ. ಒಂದು ಗುರುವಾರ ಅವಳು ನಾಲ್ಕೂವರೆಗೆ ಬರಲಿಲ್ಲ, ಐದಕ್ಕೂ ಬರಲಿಲ್ಲ. ಸಾಕ್ಸ್ ಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ಹೋಗಿ ಮಳೆಯಲ್ಲಿ ನಿಂತೆ. ಸುತ್ತ ಕಗ್ಗತ್ತಲು. ಬಸ್ಸಿಳಿದವಳನ್ನ ಅಲ್ಲೇ, ಜನರ ಮುಂದೆ, ಅಳ್ತಾ ಬೈದೆ. "ಅಮ್ಮಾ, ಇನ್ನೂ ಐದೂವರೆ" ಅಂದಳು, ಅಷ್ಟೇ. ಮರುದಿನದಿಂದ ಪಾಠ ಮುಗಿದ ಕೂಡಲೇ ಸಿಗೋ ಬಸ್ಸು ತಪ್ಪಿಸಲೇ ಇಲ್ಲ.

ಕೆಮಿಸ್ಟ್ರಿಯಲ್ಲಿ ಹಿಂದೆ ಬಿದ್ದಳು. ನಾನು ಶನಿವಾರ ಟ್ಯೂಷನ್ ಹಾಕಿಸಿದೆ, ಅದಕ್ಕೆ ಬೇರೆ ದುಡ್ಡು. ಮುಂದಿನ ವರ್ಷದ ಶುರುವಿನಲ್ಲಿ ಪೇರೆಂಟ್ಸ್ ಈವ್ನಿಂಗಿಗೆ ಹೋದಾಗ ಆ ಟೀಚರ್ ತುಂಬ ಮೆತ್ತಗೆ ಹೇಳಿದರು: ಒಳ್ಳೇ ಹುಡುಗಿ, ಆದರೆ ನನಗೆ ಅವಳ ಪರಿಚಯವೇ ಸರಿಯಾಗಿ ಆಗಿಲ್ಲ, ಒಂದು ಸಂಜೆಯೂ ಬಂದು ಕೂತಿಲ್ಲ.

ಪರಿಚಯ ಯಾಕೆ ಬೇಕು ಅಂದ್ರೆ, ಇಲ್ಲಿ ಯೂನಿವರ್ಸಿಟಿಗೆ ಅರ್ಜಿ ಹಾಕೋದು ರಿಸಲ್ಟ್ ಬರೋಕೆ ಎಷ್ಟೋ ತಿಂಗಳ ಮುಂಚೆ. ಮೆಡಿಸಿನ್‌ಗಾದರೆ ಅಕ್ಟೋಬರ್ ಮಧ್ಯದಲ್ಲೇ. ಆಗ ಮಗುವಿನ ಕೈಲಿರೋದು ಟೀಚರ್ ಅಂದಾಜು ಮಾಡಿ ಕೊಟ್ಟ ಗ್ರೇಡು, ಕಾಲೇಜು ಬರೆದ ರೆಫರೆನ್ಸು, ಅಂದ್ರೆ ಶಿಫಾರಸು ಪತ್ರ. ಅವಳಿಗೆ ಕೆಮಿಸ್ಟ್ರಿಯಲ್ಲಿ ಬಿ ಅಂತ ಕೊಟ್ಟರು. ಮೆಡಿಸಿನ್ ಆಸೆ ಅಲ್ಲಿಗೇ ಮುಗೀತು. ಈಗ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡ್ತಾಳೆ, ಅವಳ ಬಗ್ಗೆ ನನಗೆ ತುಂಬ ಹೆಮ್ಮೆಯಿದೆ. ಆ ದಿನದ ಮಾತು ಅವಳು ಒಂದು ಸಲವೂ ಎತ್ತಿಲ್ಲ. ನಾನು ಮಾತ್ರ ಪ್ರತಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಲೈಟ್ ಹಾಕುವಾಗ ನೆನೆಸಿಕೊಳ್ತೀನಿ.

ಆಗ ಜನವರಿಯಲ್ಲೂ ಮಾಡ್ಯೂಲ್ ಪರೀಕ್ಷೆ, ಅಂದ್ರೆ ಸಿಲಬಸ್ಸನ್ನ ಭಾಗ ಮಾಡಿ ಇಡೋ ಪರೀಕ್ಷೆ ಇತ್ತು, ಕಡಿಮೆ ಬಂದದ್ದನ್ನ ಮತ್ತೆ ಬರೆದು ಸರಿಮಾಡಿಕೊಳ್ಳಬಹುದಿತ್ತು. ಈಗ ಎರಡು ವರ್ಷದ್ದೆಲ್ಲ ಕೊನೆಯ ಮೇ, ಜೂನ್‌ನಲ್ಲಿ ಒಟ್ಟಿಗೆ ಬರೀಬೇಕು. ನಿನ್ನ ಮಗನಿಗೆ ಆ ಅವಕಾಶವೂ ಇಲ್ಲ.

ಟ್ಯೂಷನ್ ಆಮೇಲೆ ನೋಡೋಣ. ಈ ವಾರವೇ ಕಾಲೇಜಿಗೆ ಫೋನ್ ಮಾಡಿ, ಯಾವ ಟೀಚರ್ ಯಾವ ಸಂಜೆ ಕೂತಿರ್ತಾರೆ ಅಂತ ಕೇಳಿ ಬರೆದಿಟ್ಟುಕೋ. ಹೋಗಿ ಕೇಳೋಕೆ ಅವನು ಹಿಂಜರೀತಾನೆ, ಮೇಷ್ಟ್ರ ಹತ್ತಿರ ತಲೆ ತಗ್ಗಿಸಿ ನಿಲ್ಲೋದು ಕಲಿತ ಮಗು. ಮೊದಲ ಸಲ ಒಂದೇ ಒಂದು ಲೆಕ್ಕ ತಗೊಂಡು ಹೋಗು ಅಂತ ಹೇಳು. ಇಲ್ಲಿ ಕೇಳೋದು ಅಗೌರವ ಅಲ್ಲ. ಲಂಡನ್ ವಿಳಾಸ ಇರೋದ್ರಿಂದ 16+ ಜಿಪ್ ಆಯ್ಸ್ಟರ್ ಕಾರ್ಡಿಗೆ (ಇಲ್ಲಿನ ವಿದ್ಯಾರ್ಥಿ ಬಸ್ ಪಾಸಿನ ಹಾಗೆ) ಅರ್ಜಿ ಹಾಕು, ಬಸ್ಸು ಫ್ರೀ.

ಬೆಳಿಗ್ಗೆ ಎರಡು ಡಬ್ಬಿ ಕಟ್ಟಿಕೊಡು. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ಸಂಜೆ ಐದಕ್ಕೆ. ಅವಲಕ್ಕಿ ಒಗ್ಗರಣೆ ಆದರೂ ಸಾಕು, ಹಸಿವಾದರೆ ಅವನು ಮನೆ ಕಡೆ ಹೊರಟುಬಿಡ್ತಾನೆ.