ಹೆಪಟೈಟಿಸ್ ಸಿ ಪಾಸಿಟಿವ್ ಬಂದಿದೆ. ಆರು ತಿಂಗಳು ನಾಟಿ ಔಷಧಿ ನೋಡಿ, ಆಮೇಲೆ ಇಂಗ್ಲಿಷ್ ಔಷಧಿಗೆ ಹೋಗಬಹುದಾ?

ರಕ್ತದಾನದ ಕ್ಯಾಂಪಿನಲ್ಲಿ ಗೊತ್ತಾಯ್ತು, ಮೈಯಲ್ಲಿ ಏನೂ ತೊಂದರೆಯಿಲ್ಲ, ಮನೆಯವರು ನಾಟಿ ಔಷಧಿಗೆ ಹಟ ಹಿಡಿದಿದ್ದಾರೆ ಅಂತ ಬರೆದಿದ್ದೀರಿ. ನನ್ನದೂ ಇದೇ ಕಥೆ. ಶಿಡ್ಲಘಟ್ಟದವನು, ರೇಷ್ಮೆ ರೀಲಿಂಗ್ ನಮ್ಮ ಕಸುಬು. ತೊಂಬತ್ತರ ದಶಕದ ಶುರುವಲ್ಲಿ, ಚಿಕ್ಕವನಿದ್ದಾಗ ಆಪರೇಷನ್ ಆಗಿ ರಕ್ತ ಏರಿಸಿದ್ದರು. ರಕ್ತದ ಮೂಲಕ ಹರಡಿ ಲಿವರ್‌ಗೆ ಅಂಟೋ ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ, ದಾನಿಗಳ ರಕ್ತಕ್ಕೆ ಇದರ ಪರೀಕ್ಷೆ ಇಲ್ಲಿ ಇನ್ನೂ ಕಡ್ಡಾಯ ಆಗಿರಲಿಲ್ಲ. ಅಲ್ಲಿಂದಲೇ ಬಂದಿರಬೇಕು ಅನ್ನೋದು ಡಾಕ್ಟರ ಅಂದಾಜು.

ಲಿವರ್ ಕಾಯಿಲೆ ಅಂದ ಕೂಡಲೇ ಮನೆಯಲ್ಲಿ ಕಾಮಾಲೆ ಅಂದುಕೊಂಡರು. ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸೋರು. ಉಪ್ಪು, ಎಣ್ಣೆ, ಹುಳಿ ಎಲ್ಲಾ ಬಂದ್. ಮಧ್ಯೆ ಲ್ಯಾಬಿನಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತಪರೀಕ್ಷೆ, ಮಾಡಿಸಿದರೆ ಕಾಮಾಲೆ ತೋರಿಸೋ ಬಿಲಿರುಬಿನ್ ನಾರ್ಮಲ್, ಲಿವರ್‌ನ ಎಂಜೈಮ್ ಎಸ್‌ಜಿಪಿಟಿ ಇಳಿದಿದೆ. ಔಷಧಿ ಹಿಡೀತು ಅಂತ ಮನೆಮಂದಿಗೆಲ್ಲ ಖುಷಿ.

ಎಡವಟ್ಟಾಗಿದ್ದು ಇಲ್ಲೇ. ಎಸ್‌ಜಿಪಿಟಿ ಹೇಳೋದು ಲಿವರ್‌ಗೆ ಈಗ ಎಷ್ಟು ಪೆಟ್ಟು ಬೀಳ್ತಿದೆ ಅನ್ನೋದನ್ನ. ವೈರಸ್ ಇದೆಯೋ ಇಲ್ಲವೋ ಅನ್ನೋದನ್ನ ಅದು ಹೇಳಲ್ಲ. ಹೆಪಟೈಟಿಸ್ ಸಿಯಲ್ಲಿ ಅದು ತಾನಾಗಿ ಏರುತ್ತೆ, ತಾನಾಗಿ ಇಳಿಯುತ್ತೆ, ಎಷ್ಟೋ ಜನರಿಗೆ ವರ್ಷಗಟ್ಟಲೆ ನಾರ್ಮಲ್ಲೇ ಇರುತ್ತೆ. ಒಳಗೆ ಮಾತ್ರ ಲಿವರ್ ಗಾಯವಾಗಿ ಗಟ್ಟಿಯಾಗ್ತಾ ಹೋಗುತ್ತೆ. ಹಿರಿಯರು ನಾಟಿ ಔಷಧಿ ಮೇಲೆ ಅಷ್ಟು ನಂಬಿಕೆ ಇಡೋದಕ್ಕೂ ಕಾರಣ ಇದೆ: ಅವರು ನೋಡಿರೋ ಕಾಮಾಲೆ ಬಹುಪಾಲು ಕೊಳಕು ನೀರಿನಿಂದ ಬರೋ ಹೆಪಟೈಟಿಸ್ ಎ, ಇ. ಅದು ಔಷಧಿ ಕುಡಿದರೂ ಕುಡಿಯದಿದ್ದರೂ ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ವಾಸಿಯಾಗುತ್ತೆ. ಸಿ ಹಾಗಲ್ಲ. ನಾವು ಆ ಒಂದು ನಾರ್ಮಲ್ ರಿಪೋರ್ಟ್ ನಂಬಿಕೊಂಡು ವರ್ಷಗಳನ್ನೇ ಕಳೆದೆವು. ಆಮೇಲೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಮಾಡಿಸಿದಾಗ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಗಾಯದ ಕಲೆಯಾಗಿ ಗಟ್ಟಿಯಾಗಿದೆ, ಅಂದರು. ಮಾತ್ರೆ ತಗೊಂಡು ವೈರಸ್ ಹೋಯ್ತು, ಆದರೆ ಕ್ಯಾನ್ಸರ್ ಭಯಕ್ಕೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಲ್ಲ.

ನೀವು ಕೇಳಿರೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರಾಗಬೇಡಿ. ಯಾವ ಔಷಧಿ ಅನ್ನೋದು ಆಮೇಲಿನ ಮಾತು, ನಿಮಗೆ ವೈರಸ್ ಇದೆಯಾ ಅನ್ನೋದೇ ಇನ್ನೂ ಗೊತ್ತಾಗಿಲ್ಲ. ಕ್ಯಾಂಪಿನವರು ಸಾಮಾನ್ಯವಾಗಿ ನೋಡೋದು ಆಂಟಿಬಾಡಿ, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ವೈರಸ್ ತಾನಾಗಿ ಹೋಗಿಬಿಡುತ್ತೆ, ಆಂಟಿಬಾಡಿ ಮಾತ್ರ ಉಳಿಯುತ್ತೆ. ಅದಕ್ಕೇ ರಕ್ತದಲ್ಲಿ ವೈರಸ್ಸನ್ನೇ ಹುಡುಕೋ ಎಚ್‌ಸಿವಿ ಆರ್‌ಎನ್‌ಎ ಟೆಸ್ಟ್, ಅಂದರೆ ವೈರಲ್ ಲೋಡ್, ಮೊದಲು ಮಾಡಿಸಿ. ವೈರಸ್ ಇದ್ದರೆ ಒಂದು ದಿನವೂ ಕಾಯಬೇಡಿ. ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆ, ಸಾಮಾನ್ಯವಾಗಿ 12 ವಾರ, ನೂರಕ್ಕೆ 95ಕ್ಕಿಂತ ಹೆಚ್ಚು ಜನ ಪೂರ್ತಿ ಗುಣ ಆಗ್ತಾರೆ. ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಒಂದು ಕೋರ್ಸಿಗೆ 84,000 ಡಾಲರ್ ಇತ್ತು. ಇಲ್ಲಿ ನಮ್ಮ ಕಂಪನಿಗಳೇ ಮಾಡೋದರಿಂದ ಅಷ್ಟು ದುಬಾರಿಯಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟೂ ಮಾತ್ರೆಯೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಶುರು ಮಾಡೋ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ಅಂತ ಕೇಳಿ. ಅದೂ ಇದ್ದರೆ ಈ ಮಾತ್ರೆಯ ಹೊತ್ತಲ್ಲಿ ಅದು ಕೆರಳಬಹುದು.

ತಟ್ಟೆ, ಲೋಟ ಬೇರೆ ಇಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ, ಊಟದಿಂದ ಹರಡಲ್ಲ. ರೇಜರ್, ಟೂತ್ ಬ್ರಷ್ ಮಾತ್ರ ಯಾರಿಗೂ ಕೊಡಬೇಡಿ.

ಇದಕ್ಕೆ ಲಸಿಕೆ ಇಲ್ಲ. 2030ರೊಳಗೆ ಈ ಪಿಡುಗು ಮುಗಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ನಮ್ಮ ನಿಮ್ಮಂಥ, ಏನೂ ತೊಂದರೆ ಕಾಣದವರನ್ನ ಹುಡುಕಿ ಹಿಡಿಯದಿದ್ದರೆ ಅದು ಆಗದ ಮಾತು. ಈಜಿಪ್ಟಿನವರು 2018-19ರಲ್ಲಿ ಕೋಟಿಗಟ್ಟಲೆ ಜನರಿಗೆ ಟೆಸ್ಟ್ ಮಾಡಿ ಮಾತ್ರೆ ಕೊಟ್ಟಿದ್ದು ಇದಕ್ಕೇ. ನಮ್ಮಲ್ಲಿ ಹಿಂದೆ ರಕ್ತ ಏರಿಸಿಕೊಂಡವರು, ಡಯಾಲಿಸಿಸ್‌ನಲ್ಲಿರೋರು, ಒಂದೇ ಸೂಜಿಯಲ್ಲಿ ಹತ್ತಾರು ಜನಕ್ಕೆ ಚುಚ್ಚಿದ ಕಾಲದಲ್ಲಿ ಇಂಜೆಕ್ಷನ್ ತಗೊಂಡವರು ಎಲ್ಲರೂ ಒಮ್ಮೆ ನೋಡಿಸಿಕೊಳ್ಳಬೇಕು.

ಕೋರ್ಸ್ ಮುಗಿದು 12 ವಾರ ಆದ ಮೇಲೆ ಮತ್ತೆ ಆರ್‌ಎನ್‌ಎ ಟೆಸ್ಟ್ ಇರುತ್ತೆ, ತಪ್ಪಿಸಬೇಡಿ. ಗುಣವಾದ ಮೇಲೂ ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಅಂತಲೇ ಬರುತ್ತೆ, ಆಗ ತೋರಿಸೋಕೆ ಬೇಕಾಗೋದು ಆ ನೆಗೆಟಿವ್ ರಿಪೋರ್ಟೇ. ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.