ಕಂದು ನೀರು ನುಗ್ಗಿದ ಹೊಲ: ಜಿಪ್ಸಂಗಿಂತ ಮೊದಲು ನಕ್ಷೆ ಮಾಡಿಕೊಳ್ಳಿ

ನಮಸ್ಕಾರ ಅಣ್ಣಾವ್ರೇ. ಮುಧೋಳ ತಾಲ್ಲೂಕಿನ ನಿಮ್ಮ ನಾಲ್ಕು ಎಕರೆ ಎರೆ ಹೊಲಕ್ಕೆ ಎರಡು ಮಳೆಗಾಲದ ಹಿಂದೆ ಹಳ್ಳ ತುಂಬಿ ಡಿಸ್ಟಿಲರಿಯ ಕಂದು ನೀರು ನುಗ್ಗಿತೆಂದೂ, ಅಂದಿನಿಂದ ಕಬ್ಬು ಅಲ್ಲಲ್ಲಿ ಸುಟ್ಟಂತಾಗಿ ಬಾವಿಯ ನೀರಿಗೂ ಬಣ್ಣ ಬಂದಿದೆಯೆಂದೂ ಬರೆದಿದ್ದೀರಿ. ಇಡೀ ಹೊಲಕ್ಕೆ ಜಿಪ್ಸಂ ಹರಡಿರಿ ಎಂದು ಒಬ್ಬರು, ಮೇಲಿನ ಒಂದು ಅಡಿ ಮಣ್ಣು ತೆಗೆಸಿರಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಎರಡನ್ನೂ ಈಗಲೇ ಮಾಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಆ ಕಂದು ನೀರು ತಂದ ಉಪ್ಪು ಎಲ್ಲಿ ಕೂತಿದೆ, ಎಷ್ಟು ಆಳಕ್ಕೆ ಇಳಿದಿದೆ, ಯಾವ ಕಡೆ ಸರಿಯುತ್ತಿದೆ ಎಂಬುದು ತಿಳಿಯುವವರೆಗೆ ಖರ್ಚು ಮಾಡಿದ ಹಣ ಎಲ್ಲಿ ಹೋಯಿತೆಂಬುದೂ ತಿಳಿಯುವುದಿಲ್ಲ.

ಮಣ್ಣು ತೆಗೆಸುವ ಲೆಕ್ಕವನ್ನೇ ನೋಡಿ. ಒಂದು ಎಕರೆಯಲ್ಲಿ ಒಂದು ಅಡಿ ಮಣ್ಣೆಂದರೆ 43,560 ಘನ ಅಡಿ, ಅಂದರೆ ನೂರು ಘನ ಅಡಿಗೆ ಒಂದು ಬ್ರಾಸಿನಂತೆ ಸುಮಾರು 435 ಬ್ರಾಸ್. ನಾಲ್ಕು ಎಕರೆಗೆ 1,700 ಬ್ರಾಸ್ ಮೀರುತ್ತದೆ. ನಿಜವಾಗಿ ಕೆಟ್ಟಿರುವುದು ಇಪ್ಪತ್ತು ಗುಂಟೆ ಮಾತ್ರ ಎಂದು ನಕ್ಷೆ ತೋರಿಸಿದರೆ ಅದೇ ಕೆಲಸ 218 ಬ್ರಾಸಿಗೆ ಇಳಿಯುತ್ತದೆ. ಜಿಪ್ಸಂ ವಿಷಯವೂ ಹಾಗೆಯೇ: ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿಕೊಂಡಿದ್ದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಡಿಸ್ಟಿಲರಿಯ ಆ ಕಂದು ತ್ಯಾಜ್ಯ ನೀರಿನಲ್ಲಿ, ಅಂದರೆ ಸ್ಪೆಂಟ್ ವಾಶ್‌ನಲ್ಲಿ, ಪೊಟ್ಯಾಶಿಯಂ ಬಹಳ ಹೆಚ್ಚಿರುವುದರಿಂದ, ಪರೀಕ್ಷೆಯಿಲ್ಲದೆ ನಿಮ್ಮ ಹೊಲವನ್ನು ಸೋಡಿಯಂ ಸವಳೆಂದು ತೀರ್ಮಾನಿಸುವುದು ಸರಿಯಲ್ಲ.

ಮೊದಲು ಉಪಗ್ರಹದ ಹಳೆಯ ಚಿತ್ರಗಳನ್ನು ನೋಡಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು ಚುಕ್ಕಿ ಹತ್ತು ಮೀಟರಿಗೆ ಹತ್ತು ಮೀಟರ್ ನೆಲವನ್ನು ತೋರಿಸುತ್ತದೆ, ಆದ್ದರಿಂದ ನಿಮ್ಮ ಹೊಲದಲ್ಲಿ ನೂರಅರವತ್ತರಷ್ಟು ಚುಕ್ಕಿಗಳು ಬರುತ್ತವೆ. ಈ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಹಸಿರಿನ ಸೂಚ್ಯಂಕವಾದ ಎನ್‌ಡಿವಿಐ ತೆರೆದು, ನೀರು ನುಗ್ಗುವ ಮೊದಲಿನ ಮತ್ತು ನಂತರದ ವರ್ಷಗಳ ಅದೇ ತಿಂಗಳನ್ನು ಹೋಲಿಸಿ. ಕುಳೆ ಕಬ್ಬಿಗೂ ಹೊಸ ನಾಟಿಗೂ ಹಸಿರು ಬೇರೆ ಇರುವುದರಿಂದ, ಅದೇ ವಯಸ್ಸಿನ ಪಕ್ಕದ ಹೊಲವನ್ನೂ ಜೊತೆಗಿಟ್ಟು ನೋಡಬೇಕು. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ, ಡಿಸೆಂಬರಿನಿಂದ ಮಾರ್ಚ್‌ವರೆಗಿನ ಚಿತ್ರಗಳು ಸ್ವಚ್ಛವಾಗಿರುತ್ತವೆ. ಇವು ಕಾರಣವನ್ನು ಹೇಳುವುದಿಲ್ಲ, ಎಲ್ಲಿ ಅಗೆಯಬೇಕೆಂಬುದನ್ನಷ್ಟೇ ಹೇಳುತ್ತವೆ.

ಮುಖ್ಯ ಕೆಲಸ ಹೊಲದಲ್ಲಿದೆ. ಇಪ್ಪತ್ತು ಮೀಟರಿಗೊಂದರಂತೆ ಚೌಕ ಹಾಕಿದರೆ ನಲವತ್ತರಷ್ಟು ಬಿಂದುಗಳಾಗುತ್ತವೆ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್ ತಪ್ಪುವುದರಿಂದ ಇದಕ್ಕಿಂತ ತೀರ ಹತ್ತಿರದ ಚೌಕಕ್ಕೆ ಅರ್ಥವಿಲ್ಲ. ಪ್ರತಿ ಬಿಂದುವಿನಲ್ಲಿ ಅರ್ಧ ಅಡಿಯವರೆಗಿನದು, ಅರ್ಧದಿಂದ ಒಂದು ಅಡಿಯದು, ಒಂದರಿಂದ ಎರಡು ಅಡಿಯದು ಎಂದು ಮೂರು ಚೀಲ ಮಣ್ಣು ತೆಗೆದು, ಬಿಂದುವಿನ ಸಂಖ್ಯೆಯನ್ನೂ ಆಳವನ್ನೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಒಳಗಿಡಿ. ಪೆನ್ನಿನ ಶಾಯಿ ಹಸಿ ಮಣ್ಣಿಗೆ ಅಳಿಸಿಹೋಗುತ್ತದೆ. ಒಣಗಿಸಿ ಪುಡಿ ಮಾಡಿದ ಇಪ್ಪತ್ತು ಗ್ರಾಂ ಮಣ್ಣಿಗೆ ಐವತ್ತು ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಕಲಕಿ, ಅರ್ಧ ತಾಸು ಬಿಟ್ಟು, ನೀರಿನ ವಿದ್ಯುತ್ ವಾಹಕತೆಯಿಂದ ಉಪ್ಪನ್ನು ಅಂದಾಜಿಸುವ ಇಸಿ ಮೀಟರ್ ಅದ್ದಿ. ಸವಳಿಗೆ ಹೇಳುವ ಮೀಟರಿಗೆ 4 ಡೆಸಿಸೀಮೆನ್ಸ್ ಮಿತಿ ನೀರು ಕುಡಿದ ಮಣ್ಣಿನ ಸಾರಕ್ಕೆ ಸಂಬಂಧಿಸಿದ್ದು, ಈ ತಿಳಿ ನೀರಿನ ಅಂಕೆಯನ್ನು ಅದಕ್ಕೆ ನೇರವಾಗಿ ಹೋಲಿಸಬಾರದು. ಆದರೆ ಬಿಂದುವಿನಿಂದ ಬಿಂದುವಿಗೆ ಇರುವ ವ್ಯತ್ಯಾಸ ನಂಬಲು ಅರ್ಹ. ಅತಿ ಹೆಚ್ಚು, ನಡುವಿನ ಮತ್ತು ಅತಿ ಕಡಿಮೆ ಅಂಕೆಯ ಕೆಲವು ಚೀಲಗಳನ್ನು ಮಾತ್ರ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಪ್ರಯೋಗಾಲಯಕ್ಕೆ ಕಳಿಸಿ, ವಿನಿಮಯ ಸೋಡಿಯಂ, ಪೊಟ್ಯಾಶಿಯಂ, ರಸಸಾರ (ಪಿಎಚ್) ಮತ್ತು ಜಿಪ್ಸಂ ಅಗತ್ಯವನ್ನು ಕೇಳಿ.

ಅಂಕೆಗಳನ್ನು ಅಕ್ಷಾಂಶ-ರೇಖಾಂಶದೊಡನೆ ಎಕ್ಸೆಲ್ಲಿನಲ್ಲಿ ಬರೆದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟರೆ, ಬಿಂದುಗಳ ನಡುವಿನ ಜಾಗವನ್ನೂ ಅಂದಾಜಿಸಿ ಬಣ್ಣದ ನಕ್ಷೆ ಬರೆಯುತ್ತದೆ. ಮನೆಯಲ್ಲಿ ಓದುವ ಹುಡುಗರಿದ್ದರೆ ಅವರೇ ಮಾಡಿಕೊಡುತ್ತಾರೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಂದ ಬಂದ ಕ್ರಿಗಿಂಗ್ ವಿಧಾನ ಅಂದಾಜು ಎಲ್ಲಿ ದುರ್ಬಲವಾಗಿದೆ ಎಂಬುದನ್ನೂ ತಿಳಿಸುತ್ತದೆ, ಆದರೆ ಅದಕ್ಕೆ ಐವತ್ತರಿಂದ ನೂರು ಬಿಂದುಗಳಾದರೂ ಬೇಕು. ನಲವತ್ತಕ್ಕೆ ದೂರ ಹೆಚ್ಚಿದಂತೆ ತೂಕ ಕಡಿಮೆ ಮಾಡುವ ಐಡಿಡಬ್ಲ್ಯೂ ವಿಧಾನ ಸಾಕು. ಮೂರು ಆಳಕ್ಕೆ ಮೂರು ನಕ್ಷೆ ಮಾಡಿಸಿ. ಜಮಖಂಡಿ ಕಡೆಯ ಒಂದು ಹೊಲದಲ್ಲಿ ಎಲ್ಲರೂ ಹಳ್ಳದ ದಂಡೆಯನ್ನೇ ದೂರುತ್ತಿದ್ದರು. ನಕ್ಷೆಯಲ್ಲಿ ಹೆಚ್ಚು ಉಪ್ಪು ಕಂಡದ್ದು ಚಕ್ಕಡಿ ದಾರಿಯ ಬದುವಿಗೆ ತಾಗಿ ನೀರು ನಿಂತಿದ್ದ ತಗ್ಗಿನಲ್ಲಿ, ಅದೂ ಎರಡನೆಯ ಅಡಿಯಲ್ಲಿ. ಮೇಲಿನ ಅಡಿ ತೆಗೆಸಿದ್ದರೆ ಉಪ್ಪು ಅಲ್ಲೇ ಉಳಿಯುತ್ತಿತ್ತು.

ಬಾವಿಗೆ ಬಣ್ಣ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಮೂರು ತೆರೆದ ಬಾವಿಗಳ ನೀರಿನ ಮಟ್ಟವನ್ನು ಬೆಳಿಗ್ಗೆ ಪಂಪು ಹಚ್ಚುವ ಮೊದಲೇ ಅಳೆಯಿರಿ. ಬಾವಿಯ ಬಾಯಿಯ ಎತ್ತರಕ್ಕೆ ಉಪಗ್ರಹದ ಅಂಕೆ ಬೇಡ, ಅದು ಹಲವು ಮೀಟರ್ ತಪ್ಪಬಹುದು. ಮಟ್ಟ ನೋಡುವ ಸರ್ವೆಯವರನ್ನು ಕರೆಸಿ. ನೀರಿನ ಮಟ್ಟ ಎತ್ತರವಿರುವಲ್ಲಿಂದ ತಗ್ಗಿನ ಕಡೆಗೆ ಹರಿವು ಎಂದು ತಿಳಿಯಬಹುದು. ಬೋರುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಬಂಡೆಯ ಬಿರುಕಿನ ನೀರಿನ ದಾರಿ ಬೇರೆ.

ಪರಿಹಾರ ಕೇಳುವ ಮನಸ್ಸಿದ್ದರೆ ತಡ ಮಾಡಬೇಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯಂತೆ ಪರಿಹಾರದ ಅರ್ಜಿಗೆ ಸಾಮಾನ್ಯವಾಗಿ ಐದು ವರ್ಷದ ಗಡುವಿದೆ, ಮತ್ತು ಹಾನಿ ಯಾವಾಗ ಶುರುವಾಯಿತೆಂಬುದಕ್ಕೆ ದಿನಾಂಕವಿರುವ ಆ ಉಪಗ್ರಹ ಚಿತ್ರಗಳು ಬೆಂಬಲವಾಗುತ್ತವೆ. ನೀವು ತೆಗೆದ ಮಣ್ಣು ನಿಮ್ಮ ತಿಳಿವಳಿಕೆಗೆ. ಹರಿದು ಬರುವ ತ್ಯಾಜ್ಯ ನೀರಿನ ಮಾದರಿಯನ್ನು 1974ರ ಜಲ ಕಾಯ್ದೆಯ ಕ್ರಮದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ತೆಗೆಯುವಂತೆ ಲಿಖಿತವಾಗಿ ಕೇಳಿ.

ನಕ್ಷೆ ಬಂದ ಮೇಲೆ ಮೊದಲು ಹಳ್ಳದ ಕಡೆಯ ಒಡ್ಡು ಗಟ್ಟಿ ಮಾಡಿ, ಆಮೇಲೆ ಅತಿ ಕೆಟ್ಟ ತುಂಡಿಗೆ ಮಾತ್ರ ಉಪಚಾರ ಶುರು ಮಾಡಿ. ಒಂದು ಹಂಗಾಮು ಕಳೆದ ಮೇಲೆ ಅದೇ ಬಿಂದುಗಳಿಂದ ಮತ್ತೆ ಮಣ್ಣು ತೆಗೆಯಿರಿ. ಉಪ್ಪು ತೊಳೆಯಲು ಬಸಿಗಾಲುವೆ ತೋಡಿಸುವುದಾದರೆ ಅದರ ನೀರು ಕೆಳಗಿನ ಹೊಲದವರ ಪಾಲಿಗೆ ಹೋಗುತ್ತದೆ. ಆದ್ದರಿಂದ ಕಾಲುವೆಯ ಬಾಯಿ ತೆರೆಯುವ ಮೊದಲೇ ಅವರೊಡನೆ ಮಾತನಾಡಿ, ಅವರ ಹೊಲದ ಕೆಲವು ಬಿಂದುಗಳನ್ನೂ ಈ ನಕ್ಷೆಯಲ್ಲೇ ಸೇರಿಸಿಕೊಳ್ಳಿ.