ಸೀರೆಯ ನೆರಿಗೆ, ಗೋಣಿಚೀಲ ಮತ್ತು ಮ್ಯಾಡಲಿನ್ ಪ್ಯೂ

ಸೋಮವಾರಪೇಟೆಯಲ್ಲಿ ಕೂತು ಟಿವಿಗೆ ಕಾಮಿಡಿ ಬರೆಯೋ ಆಸೆ ಇಟ್ಟುಕೊಳ್ಳಬಹುದಾ, ಹೆಣ್ಣುಮಕ್ಕಳು ಇದರಲ್ಲಿ ಹೆಸರು ಮಾಡಿದ್ದಾರಾ ಅಂತ ಕೇಳಿದ್ದೀರಿ. ಖಂಡಿತ ಮಾಡಿದ್ದಾರೆ. ಅದೂ ಟಿವಿ ಇನ್ನೂ ಹೊಸದಾಗಿದ್ದಾಗಲೇ.

ನಾನು ವಿರಾಜಪೇಟೆಯವಳು. ನಮ್ಮ ಮಹಿಳಾ ಸಮಾಜಕ್ಕೆ ಪ್ರತಿ ವರ್ಷ ನಗೆನಾಟಕ ಬರೆಯುತ್ತೇನೆ. ಈ ಕೆಲಸದಲ್ಲಿ ನಾನು ಗುರು ಅಂತ ನಂಬಿರುವುದು ಅಮೆರಿಕದ ಟಿವಿ ಹಾಸ್ಯ ಬರಹಗಾರ್ತಿ ಮ್ಯಾಡಲಿನ್ ಪ್ಯೂ ಅವರನ್ನು. ಹುಟ್ಟಿದ್ದು 1921ರಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ಓದಿದ್ದು ಪತ್ರಿಕೋದ್ಯಮ, ಮೊದಲ ಕೆಲಸ ಊರಿನ ರೇಡಿಯೊದಲ್ಲಿ. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋಗಿದ್ದರಿಂದ ಲಾಸ್ ಏಂಜಲೀಸ್‌ನ ರೇಡಿಯೊದಲ್ಲಿ ಇವರಿಗೆ ಜಾಗ ಸಿಕ್ಕಿತು. ಅಲ್ಲೇ ಬಾಬ್ ಕ್ಯಾರೊಲ್ ಜೂನಿಯರ್ ಅನ್ನೋ ಬರಹಗಾರ ಜೊತೆಯಾದರು. ಇಬ್ಬರೂ ಐವತ್ತು ವರ್ಷಕ್ಕಿಂತ ಜಾಸ್ತಿ ಒಟ್ಟಿಗೇ ಬರೆದರು.

1951ರಲ್ಲಿ 'ಐ ಲವ್ ಲೂಸಿ' ಅನ್ನೋ ಟಿವಿ ಹಾಸ್ಯ ಧಾರಾವಾಹಿ ಶುರುವಾದಾಗ ಬರೆಯುತ್ತಿದ್ದವರು ಮೂರೇ ಜನ. ಅದರಲ್ಲಿ ಹೆಂಗಸು ಇವರೊಬ್ಬರೇ. ಆರು ಸೀಸನ್‌ಗಳಲ್ಲಿ ನಾಲ್ಕು ಸಲ ಅದು ಅಮೆರಿಕದ ನಂಬರ್ ಒನ್ ಕಾರ್ಯಕ್ರಮವಾಯಿತು. ಕಾರ್ಖಾನೆಯ ಓಡೋ ಬೆಲ್ಟಿನ ಮೇಲೆ ಚಾಕೊಲೇಟ್ ಓಡಿ ಬರುತ್ತೆ, ಕಾಗದ ಸುತ್ತೋಕೆ ಆಗದೆ ಕಥಾನಾಯಕಿ ಲೂಸಿ ಬಾಯಿಗೆ, ಟೋಪಿಗೆ ತುಂಬಿಕೊಳ್ಳುತ್ತಾಳೆ, ನೋಡಿರ್ತೀರಾ ಅಲ್ವಾ? ಆ ಕಂತು 1952ರದ್ದು.

ನನಗೆ ತುಂಬಾ ಹಿಡಿಸಿದ್ದು ಅವರು ಕೆಲಸ ಮಾಡುತ್ತಿದ್ದ ರೀತಿ. ನಟಿ ಮಾಡಬೇಕಾದ ಸಾಹಸವನ್ನು ಮೊದಲು ತಾವೇ ಮಾಡಿ ನೋಡುತ್ತಿದ್ದರು. ಒಂಟಿ ಚಕ್ರದ ಸೈಕಲ್ ಹತ್ತಿ ಗೋಡೆಗೆ ಗುದ್ದಿಕೊಂಡ ಮೇಲೆ ಆ ದೃಶ್ಯವನ್ನೇ ಕೈಬಿಟ್ಟರಂತೆ. ನಟಿಯ ಒಂದೊಂದು ಚಲನೆಯೂ ಸ್ಕ್ರಿಪ್ಟಿನಲ್ಲೇ ದೊಡ್ಡಕ್ಷರದಲ್ಲಿ ಟೈಪ್ ಆಗಿರುತ್ತಿತ್ತು.

ಇದನ್ನು ತಿಳಿದ ಮೇಲೆ ನಾನೂ ಹಾಗೇ ಮಾಡೋಕೆ ಶುರು ಮಾಡಿದೆ. ಒಂದು ನಾಟಕದಲ್ಲಿ ಗಂಡ ಕಾಫಿ ಚೀಲದ ಬಾಯಿ ಹೊಲಿಯುವಾಗ ಹೆಂಡತಿಯ ಸೀರೆಯ ನೆರಿಗೆಯನ್ನೂ ಸೇರಿಸಿ ಹೊಲಿದುಬಿಡುತ್ತಾನೆ. ಕೊಡವ ಸೀರೆ, ನೆರಿಗೆ ಹಿಂದೆ ಇರುತ್ತಲ್ಲ, ಅವಳಿಗೆ ಕಾಣೋದಿಲ್ಲ. ಮೊದಲು ಅವಳು ಮಣೆ ಮೇಲೆ ಕೂತಿರುತ್ತಾಳೆ ಅಂತ ಬರೆದಿದ್ದೆ. ಹಳೇ ಸೀರೆ ಉಟ್ಟು ಕಣದಲ್ಲಿ ಕೂತು ನೋಡಿದೆ. ಚೀಲದ ಬಾಯಿ ಹೆಗಲ ಹತ್ತಿರ ಬಂತು, ನೆರಿಗೆ ಎಲ್ಲೋ ಕೆಳಗೆ. ನಿಂತರೆ ಸರಿಹೋಯಿತು. ಹಾಗಾಗಿ ಅವಳನ್ನು ನಿಲ್ಲಿಸಿ ಕೈಗೆ ಫೋನ್ ಕೊಟ್ಟೆ. ಇನ್ನೊಂದು ತೊಂದರೆ: ಐವತ್ತು ಕೆಜಿ ಚೀಲ ಎಳೆದರೆ ಅಲ್ಲಾಡೋದೇ ಇಲ್ಲ, ಸೀರೆ ಹರಿಯುತ್ತೆ ಅಷ್ಟೆ. ಒಳಗೆ ಕಾಫಿ ಹೊಟ್ಟು ತುಂಬಿಸಿದೆವು. ಚೀಲ ಅವಳ ಹಿಂದೆ ವೇದಿಕೆ ಪೂರ್ತಿ ನಡೆದು ಬಂತು. ಸುಮ್ನೆ ಮೇಜಿನ ಮುಂದೆ ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಮ್ಯಾಡಲಿನ್ ಮುಂದೆ ನಿರ್ಮಾಪಕಿಯೂ ಆದರು. 2011ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ನೀವು ಮೊದಲು ಹತ್ತು ನಿಮಿಷದ ಒಂದು ಹಾಸ್ಯ ಬರೆಯಿರಿ. ಮಡಿಕೇರಿ ಆಕಾಶವಾಣಿಯಲ್ಲಿ ವಿಚಾರಿಸಿ ನೋಡಿ. ಮ್ಯಾಡಲಿನ್ ಅವರೂ ರೇಡಿಯೊದಿಂದಲೇ ಬಂದವರು. ಬರೆದಿದ್ದನ್ನು ನನಗೂ ಕಳಿಸಿ, ಖುಷಿಯಿಂದ ಓದುತ್ತೇನೆ.